ಹಂಚಿಕೊಳ್ಳೋದು, ಗೆಳೆತನ ಮತ್ತು ಚಿತ್ರಪುಸ್ತಕ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದ ನಮ್ಮ ಓಣಿಯಲ್ಲಿ ಪ್ರತಿ ಭಾನುವಾರ ಮುಂಜಾನೆ ಮನೆ ಮುಂದಿನ ಕಟ್ಟೆ ಮೇಲೆ ಮಕ್ಕಳಿಗೆ ಚಿತ್ರಪುಸ್ತಕ ಓದುತ್ತೇನೆ. ಹತ್ತು ಹನ್ನೆರಡು ಮಕ್ಕಳು ಬರುತ್ತಾರೆ. ಮೂರು ವರ್ಷದವರೂ ಇದ್ದಾರೆ, ಏಳು ವರ್ಷದವರೂ ಇದ್ದಾರೆ. ಕರೆದುಕೊಂಡು ಹೋಗಲು ಬರುವ ಅವ್ವಂದಿರು, ಆಯಿಗಳು, ಮುತ್ಯಾಗಳು ಚಪ್ಪಲಿ ಬಿಟ್ಟು ಕೂತು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. "ಅಕ್ಕೋರೆ, ನಮ್ಮ ಹುಡುಗ ಯಾರಿಗೂ ಏನೂ ಕೊಡಂಗಿಲ್ರಿ, ಇದಕ್ಕೊಂದು ಪುಸ್ತಕ ಐತೇನು?" ಅನ್ನುವುದು ಮೊದಲನೆಯದು. ಪ್ರತಿಯೊಬ್ಬರಿಗೂ ಬಾಗಿಲಲ್ಲಿ ನಿಂತು ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆದಿದ್ದೇನೆ.

ನನ್ನ ಮಗಳಿಗೆ ಎರಡು ವರ್ಷ. ಯಾರು ಆಟಿಕೆ ಮುಟ್ಟಿದರೂ "ನಂದು, ನಂದು" ಅಂತ ಚೀರುತ್ತಾಳೆ. ಈಗಲೇ ಹೀಗಾದರೆ ಮುಂದೆ ಹೇಗೆ?

ಹೆದರಬೇಡಿ. ಎರಡು ವರ್ಷದ ಮಗು ಹಾಗೇ ಇರಬೇಕು. ಕೊಟ್ಟ ವಸ್ತು ತಿರುಗಿ ಕೈಗೆ ಬರುತ್ತದೆ ಅನ್ನುವ ಭರವಸೆ ಆ ವಯಸ್ಸಿಗೆ ಇನ್ನೂ ಹುಟ್ಟಿರುವುದಿಲ್ಲ. "ಸ್ವಲ್ಪ ಹೊತ್ತು ಕೊಡು" ಅಂತ ನಾವು ಅಂದರೆ, ಸ್ವಲ್ಪ ಹೊತ್ತು ಅಂದರೆ ಎಷ್ಟು ಅಂತ ಅದಕ್ಕೆ ಗೊತ್ತಿಲ್ಲ, "ಕೊಡು" ಅನ್ನುವುದು ಮಾತ್ರ ಕೇಳಿಸುತ್ತದೆ, ಹೋಯಿತು ನನ್ನ ಗೊಂಬೆ ಅಂತ ಅಳುತ್ತದೆ. "ನಂದು" ಅನ್ನುವುದು ತಿಳಿದ ಮೇಲೇ ಅಲ್ವಾ "ನಿಂದು" ಅನ್ನುವುದು ತಿಳಿಯುವುದು?

ಅಮೆರಿಕದಲ್ಲಿ ಮಿಲ್ಡ್ರೆಡ್ ಪಾರ್ಟನ್ ಅನ್ನುವವರು ಶಿಶುವಿಹಾರದ ಮಕ್ಕಳು ಆಡುವುದನ್ನು ದಿನಾ ಕೂತು ನೋಡಿ 1932ರಲ್ಲಿ ಬರೆದಿಟ್ಟಿದ್ದು ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಸಣ್ಣವರು ಮೊದಲು ಒಬ್ಬರೇ ಆಡುತ್ತಾರೆ. ಆಮೇಲೆ ಇನ್ನೊಬ್ಬರ ಪಕ್ಕ ಕೂತು, ಅದೇ ಮಣ್ಣಿನಲ್ಲಿ, ಅದೇ ಆಟ ಆಡುತ್ತಾರೆ, ಆದರೆ ಇವರ ಆಟ ಇವರಿಗೆ, ಅವರ ಆಟ ಅವರಿಗೆ. ದೊಡ್ಡವರಾದಂತೆ ಸಾಮಾನು ಅದಲು ಬದಲು ಮಾಡಿಕೊಳ್ಳುತ್ತಾರೆ, ಕೊನೆಗೆ "ನೀ ಡ್ರೈವರ್, ನಾ ಕಂಡಕ್ಟರ್" ಅಂತ ಸೇರಿ ಆಡುತ್ತಾರೆ. ಎರಡು ವರ್ಷದವಳು ಪಕ್ಕದಲ್ಲಿ ಕೂತು ಆಡಿದರೆ ಅದೇ ಅವಳ ಗೆಳೆತನ. ನಾಲ್ಕು ವರ್ಷದವಳ ಲೆಕ್ಕ ಅವಳಿಗೆ ಹಚ್ಚಬೇಡಿ.

ಹಾಗಾದರೆ ಪುಸ್ತಕದಿಂದ ಏನು ಉಪಯೋಗ? ಓದಿದರೆ ಮಗು ಹಂಚಿಕೊಳ್ಳುತ್ತದೆಯೇ?

ಒಂದು ಸಲ ಓದಿದರೆ ಇಲ್ಲ. ಪುಸ್ತಕ ಔಷಧ ಇದ್ದಂಗೆ ಕೆಲಸ ಮಾಡುವುದಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಸ್ಟಿಕರ್ ಕೊಟ್ಟು, ಇನ್ನೊಂದು ಮಗುವಿಗೆ ಎಷ್ಟು ಕೊಡಬೇಕು ಅಂತ ಕೇಳಿದರು. ಮೂರು ವರ್ಷದವರೂ "ಅರ್ಧ ಕೊಡಬೇಕು" ಅಂತಲೇ ಹೇಳಿದರು. ಕೊಡುವ ಹೊತ್ತು ಬಂದಾಗ ಸಣ್ಣವರು ಜಾಸ್ತಿ ತಮಗೇ ಇಟ್ಟುಕೊಂಡರು. ಏಳೆಂಟು ವರ್ಷದವರು ಮಾತ್ರ ಹೇಳಿದಷ್ಟೇ ಕೊಟ್ಟರು. ಅಂದರೆ ನಮ್ಮ ಮಕ್ಕಳಿಗೆ ಉಪದೇಶ ಕಡಿಮೆ ಬಿದ್ದಿಲ್ಲ. "ಹಂಚಿಕೊಂಡು ತಿನ್ನಬೇಕು" ಅನ್ನುವುದು ಅವರಿಗೆ ಗೊತ್ತೇ ಇದೆ. ಆ ಹೊತ್ತಿಗೆ ಹೊಟ್ಟೆಯಲ್ಲಿ ಆಗುವ ಸಂಕಟ ತಡೆದುಕೊಳ್ಳುವುದು ಬರುವುದಿಲ್ಲ, ಅಷ್ಟೇ.

ಚಿತ್ರಪುಸ್ತಕ ಆ ಸಂಕಟವನ್ನು ಬೇರೆಯವರ ಮುಖದ ಮೇಲೆ ತೋರಿಸುತ್ತದೆ. ಜಗಳ ನಡೆಯುವಾಗ ಮಗುವಿಗೆ ಎದುರಿಗಿರುವವರ ಮುಖ ಕಾಣುವುದಿಲ್ಲ, ಗೊಂಬೆ ಮಾತ್ರ ಕಾಣುತ್ತದೆ. ಪುಸ್ತಕದಲ್ಲಿ ಆ ಮುಖ ಓಡಿಹೋಗುವುದಿಲ್ಲ, ಚೀರುವುದಿಲ್ಲ. ಎಷ್ಟು ಹೊತ್ತು ಬೇಕಾದರೂ ನೋಡಬಹುದು. ನಾಲ್ಕು ವರ್ಷದ ಸುಮಾರಿಗೆ ಮಕ್ಕಳಿಗೆ "ನನಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ, ಅವನ ಮನಸ್ಸಿನಲ್ಲಿ ಬೇರೆ ಏನೋ ಇದೆ" ಅನ್ನುವುದು ಹೊಳೆಯಲು ಶುರುವಾಗುತ್ತದೆ. ಆ ಹೊತ್ತಿಗೆ ಇಂಥ ಪುಸ್ತಕ ಕೈಗೆ ಸಿಕ್ಕರೆ ಬಹಳ ಒಳ್ಳೆಯದು.

ಇನ್ನೊಂದು ಮಾತು, ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. "ಕೊಡು" ಅನ್ನುವುದಕ್ಕಿಂತ ಮೊದಲು "ಪಾಳಿ" ಕಲಿಸಿ. ನಮ್ಮ ಕಡೆ ಎಷ್ಟು ಚೆಂದದ ಮಾತು ಅದು. ನಾಗರ ಪಂಚಮಿಗೆ ಜೋಕಾಲಿ ಕಟ್ಟಿದಾಗ ಮಕ್ಕಳು ತಾವೇ ಪಾಳಿ ಹಚ್ಚುತ್ತಾರೆ, ಇಪ್ಪತ್ತು ಸಲ ಜೀಕಿದ ಮೇಲೆ ಇಳಿಯಬೇಕು ಅಂತ ಸುತ್ತ ನಿಂತವರು ಗಟ್ಟಿಯಾಗಿ ಎಣಿಸುತ್ತಾರೆ. ಇಳಿದವನಿಗೂ ಗೊತ್ತು, ತನ್ನ ಪಾಳಿ ಮತ್ತೆ ಬರುತ್ತದೆ ಅಂತ. ಪಾಳಿಯಲ್ಲಿ ವಸ್ತು ಕಳೆದುಹೋಗುವುದಿಲ್ಲ, ತಿರುಗಿ ಬರುತ್ತದೆ. ಮೂರು ವರ್ಷದ ಮಗುವಿಗೆ ಅರ್ಥವಾಗುವುದು ಇದು. ಪೂರ್ತಿ ಕೊಟ್ಟುಬಿಡುವುದು ಆಮೇಲಿನ ಪಾಠ.

ಪುಸ್ತಕ ಆರಿಸುವಾಗ ಏನು ನೋಡಬೇಕು?

ಮೊದಲು ಅಕ್ಷರ ಓದಬೇಡಿ. ಚಿತ್ರ ಮಾತ್ರ ನೋಡುತ್ತಾ ಪುಟ ತಿರುವಿ. ಯಾರಿಗೆ ಸಿಟ್ಟು ಬಂದಿದೆ, ಯಾರಿಗೆ ಬೇಜಾರಾಗಿದೆ ಅನ್ನುವುದು ಮುಖದಿಂದ, ನಿಂತ ಭಂಗಿಯಿಂದ ಗೊತ್ತಾಗಬೇಕು. ಎಲ್ಲ ಪುಟದಲ್ಲೂ ಎಲ್ಲರೂ ಹಲ್ಲು ಕಿರಿಯುತ್ತಾ ನಿಂತಿದ್ದರೆ ಆ ಪುಸ್ತಕ ಬಿಡಿ. ಒಂದು ಪುಟಕ್ಕೆ ಎರಡು ಮೂರು ವಾಕ್ಯ ಸಾಕು. ಜಾಸ್ತಿ ಇದ್ದರೆ ನಾವು ಓದಿ ಮುಗಿಸುವಷ್ಟರಲ್ಲಿ ಮಗು ಪುಟ ತಿರುವಿರುತ್ತದೆ.

ಆಮೇಲೆ ಕಥೆ. ಜಗಳ ನಿಜವಾಗಿ ಆಗಬೇಕು. ಕೊಡಲು ಮನಸ್ಸಿಲ್ಲದ ಮಗುವನ್ನು ಕೆಟ್ಟದ್ದು ಅಂತ ತೋರಿಸಬಾರದು. ದಾರಿ ಮಕ್ಕಳೇ ಹುಡುಕಬೇಕು. ದೊಡ್ಡವರು ಬಂದು ಬೈದು, ಕಸಿದು, ಹಂಚಿ, ಸರಿ ಮಾಡಿದರೆ ಮಗು ಕಲಿಯುವುದು ಅದನ್ನೇ: ದೊಡ್ಡವರು ಇದ್ದರೆ ಕೊಡಬೇಕು, ಇಲ್ಲದಿದ್ದರೆ ಬೇಡ.

ನನಗೆ ಮನಸ್ಸಿಗೆ ಬಾರದ ಒಂದು ಜಾತಿಯ ಕಥೆ ಇದೆ. ಯಾರಿಗೂ ಬೇಡವಾದ ಒಂದು ಪ್ರಾಣಿಯೋ ಮಗುವೋ ತನ್ನ ಹತ್ತಿರ ಇದ್ದ ಚೆಂದದ್ದನ್ನೆಲ್ಲ ಕೊಟ್ಟುಬಿಡುತ್ತದೆ, ಆಗ ಎಲ್ಲರೂ ಗೆಳೆಯರಾಗುತ್ತಾರೆ. ಓದಲು ಹಿತವಾಗಿರುತ್ತದೆ, ಚಿತ್ರವೂ ಮುದ್ದಾಗಿರುತ್ತದೆ. ಆದರೆ ಗೆಳೆತನವನ್ನು ಕೊಂಡುಕೊಳ್ಳಬೇಕು ಅಂತ ಆಯಿತಲ್ಲ? ಶಾಲೆಯಲ್ಲಿ ಪೆನ್ಸಿಲ್, ರಬ್ಬರು, ಬುತ್ತಿ ಎಲ್ಲ ಕೊಟ್ಟು "ನನ್ನ ಜೋಡಿ ಆಡ್ರಿ" ಅಂತ ಬೇಡುವ ಮಕ್ಕಳನ್ನು ನಾನು ನೋಡಿದ್ದೇನೆ. ಅಂಥ ಮಗುವಿಗೆ ಈ ಕಥೆ ಓದಲು ನನಗೆ ಕೈ ಬರುವುದಿಲ್ಲ.

ಪ್ರಾಣಿಗಳ ಕಥೆ ಒಳ್ಳೆಯದೋ, ಮಕ್ಕಳ ಕಥೆಯೋ?

ಎರಡೂ ಇರಲಿ. ಆದರೆ ಹಂಚಿಕೊಳ್ಳುವುದನ್ನೇ ಕಲಿಸಬೇಕು ಅಂತಿದ್ದರೆ ಮಕ್ಕಳೇ ಇರುವ ಕಥೆ ಮೇಲು. ಕೆನಡಾದ ಟೊರೊಂಟೊದಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು, 2017ರಲ್ಲಿ ಪ್ರಕಟವಾಯಿತು. ಮಕ್ಕಳಿಗೆ 10 ಸ್ಟಿಕರ್ ಕೊಟ್ಟು, ಸ್ಟಿಕರ್ ಸಿಗದ ಇನ್ನೊಂದು ಮಗುವಿಗೆ ಎಷ್ಟು ಬಿಡುತ್ತೀರಿ ಅಂತ ಕಥೆಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ನೋಡಿದರು. ಒಂದು ಗುಂಪಿಗೆ ಮನುಷ್ಯರ ಚಿತ್ರ ಇರುವ ಕಥೆ, ಇನ್ನೊಂದು ಗುಂಪಿಗೆ ಅದೇ ಕಥೆ ಆದರೆ ಅಂಗಿ ತೊಟ್ಟ ಪ್ರಾಣಿಗಳ ಚಿತ್ರ. ಮನುಷ್ಯರ ಕಥೆ ಕೇಳಿದವರು ಆಮೇಲೆ ಜಾಸ್ತಿ ಕೊಟ್ಟರು. ಪ್ರಾಣಿಗಳ ಕಥೆ ಕೇಳಿದವರು ಹಾಗೆ ಮಾಡಲಿಲ್ಲ.

ನಮ್ಮ ಕಟ್ಟೆಯ ಮೇಲೂ ನನಗೆ ಹಾಗೇ ಅನಿಸಿದೆ. ಮೊಲದ ಕಥೆ ಓದಿದರೆ "ಮೊಲ ಗಜ್ಜರಿ ಕೊಟ್ಟಿತು" ಅಂತ ನಗುತ್ತಾರೆ, ಅಲ್ಲಿಗೆ ಮುಗಿಯಿತು. ಸಮವಸ್ತ್ರ ಹಾಕಿದ, ಎರಡು ಜಡೆ ಹಾಕಿದ ಹುಡುಗಿಯ ಕಥೆ ಓದಿದರೆ "ಇಕಿ ನಮ್ಮ ಸಾಲ್ಯಾಗಿನಾಕಿ ಇದ್ದಂಗ ಅದಾಳ" ಅಂತ ಶುರುವಾಗುತ್ತದೆ. ಹಾಗಂತ ಪ್ರಾಣಿ ಕಥೆ ಬಿಸಾಡಬೇಡಿ. ಮಕ್ಕಳಿಗೆ ಅವು ಬೇಕು. ಓದುವಾಗ "ನಿನಗೂ ಹಿಂಗ ಆಗಿತ್ತಲ್ಲ?" ಅಂತ ಒಂದು ಸೇತುವೆ ನಾವು ಕಟ್ಟಿದರೆ ಸಾಕು.

ಕನ್ನಡದ ಒಳ್ಳೆಯ ಚಿತ್ರಪುಸ್ತಕ ಎಲ್ಲಿ ಸಿಗುತ್ತವೆ? ಬಹಳ ತುಟ್ಟಿಯೇ?

ತುಟ್ಟಿ ಅಲ್ಲ. ನೂರು ರೂಪಾಯಿ ಒಳಗೇ ಒಳ್ಳೆಯವು ಸಿಗುತ್ತವೆ. 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಕನ್ನಡದಲ್ಲಿ ಬಹಳ ಪುಸ್ತಕ ತಂದಿದೆ. ಚೆನ್ನೈನ ತೂಲಿಕಾ 1996ರಿಂದ ಮಕ್ಕಳ ಪುಸ್ತಕ ಮಾಡುತ್ತಿದೆ, ಕನ್ನಡದಲ್ಲೂ ಇವೆ, ಒಂದೇ ಪುಟದಲ್ಲಿ ಎರಡು ಭಾಷೆ ಇರುವವೂ ಇವೆ. 1957ರಲ್ಲಿ ಹುಟ್ಟಿದ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ನವಕರ್ನಾಟಕದವರ ಮಕ್ಕಳ ಪುಸ್ತಕಗಳನ್ನೂ ನೋಡಿ.

ದುಡ್ಡೇ ಬೇಡ ಅಂದರೆ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ಜಾಲತಾಣ ಇದೆ. ಅಲ್ಲಿನ ಕಥೆಗಳನ್ನು ಪುಕ್ಕಟೆ ಓದಬಹುದು, ಇಳಿಸಿಕೊಂಡು ಪ್ರಿಂಟ್ ತೆಗೆಸಬಹುದು, ಬೇರೆ ಭಾಷೆಗೆ ನಾವೇ ಅನುವಾದ ಮಾಡಬಹುದು. ಅದಕ್ಕೆಲ್ಲ ಅನುಮತಿ ಕೊಟ್ಟೇ ಪ್ರಕಟಿಸಿದ್ದಾರೆ. ಕಥೆಗಳನ್ನು ಓದುವ ಮಟ್ಟದ ಪ್ರಕಾರ ವಿಂಗಡಿಸಿದ್ದಾರೆ, ಮೊದಲ ಮಟ್ಟದಿಂದ ಶುರು ಮಾಡಿ.

ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರಕ್ಕೆ, ಅಂದರೆ ಊರಿನ ಗ್ರಂಥಾಲಯಕ್ಕೆ, ಹೋಗಿ ಕೇಳಿ. 2020ರಲ್ಲಿ "ಓದುವ ಬೆಳಕು" ಕಾರ್ಯಕ್ರಮ ಬಂದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಪುಕ್ಕಟೆ ಸದಸ್ಯತ್ವ ಇದೆ. ಅಣ್ಣನ ಹೆಸರಿನಲ್ಲಿ ತಂದು ತಮ್ಮನಿಗೆ ಓದಿ ಹೇಳಬಹುದು. ಮೂರರಿಂದ ಆರು ವರ್ಷದವರಿಗೆ ಅಂಗನವಾಡಿ ಇದ್ದೇ ಇದೆ. ಎರಡು ಪುಸ್ತಕ ಕೊಂಡು ಅಲ್ಲಿಗೂ ಕೊಡಿ, ಕಾರ್ಯಕರ್ತೆಯರು ಖುಷಿಯಿಂದ ಓದುತ್ತಾರೆ.

ಮೊಬೈಲಿನಲ್ಲಿ ತೋರಿಸಿದರೆ ಆಗುವುದಿಲ್ಲವೇ?

ನೀವು ಪಕ್ಕದಲ್ಲಿ ಕೂತು, ನೀವೇ ಓದಿದರೆ ಆಗುತ್ತದೆ. ಮೊಬೈಲ್ ಕೈಗೆ ಕೊಟ್ಟು ಅಡುಗೆಮನೆಗೆ ಹೋದರೆ ಆಗುವುದಿಲ್ಲ. ಸಾಧ್ಯವಾದರೆ ಒಂದು ಕಥೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. ಕಪ್ಪು ಬಿಳುಪಾದರೂ ನಡೆಯುತ್ತದೆ, ಮಕ್ಕಳೇ ಬಣ್ಣ ಹಚ್ಚುತ್ತಾರೆ.

ಓದಿ ಹೇಳುವುದು ಹೇಗೆ? ನನಗೆ ನಾಟಕ ಮಾಡಿ ಓದಲು ಬರುವುದಿಲ್ಲ.

ನಾಟಕ ಬೇಡ. ನಿಧಾನ ಬೇಕು. ಒಂದು ಪುಟದಲ್ಲಿ ಒಂದೇ ಜೋಕಾಲಿ, ಇಬ್ಬರು ಮಕ್ಕಳು ಇದ್ದಾರೆ ಅಂತ ಇಟ್ಟುಕೊಳ್ಳಿ. ಒಬ್ಬ ಕೂತಿದ್ದಾನೆ, ಒಬ್ಬಳು ಹಗ್ಗ ಹಿಡಿದು ನಿಂತಿದ್ದಾಳೆ. ನಾನು ವಾಕ್ಯ ಓದಿ ಸುಮ್ನೆ ಆಗುತ್ತೇನೆ. ಬೆರಳು ಆ ಹುಡುಗಿಯ ಮುಖದ ಹತ್ತಿರ ಇಡುತ್ತೇನೆ. "ಇಕಿಗೆ ಏನಾಗೇತಿ?" ಅಂತ ಕೇಳುತ್ತೇನೆ. ಉತ್ತರ ಬರುವ ತನಕ ಕಾಯುತ್ತೇನೆ. ಮನಸ್ಸಿನಲ್ಲೇ ಐದು ಎಣಿಸಿ, ಅಷ್ಟು ಹೊತ್ತು ಬೇಕು. ನಾವು ದೊಡ್ಡವರು ಎರಡು ಎಣಿಸುವಷ್ಟರಲ್ಲಿ ನಾವೇ ಉತ್ತರ ಹೇಳಿಬಿಡುತ್ತೇವೆ.

ಒಮ್ಮೆ ಇಂಥದ್ದೇ ಪುಟಕ್ಕೆ ನಾಲ್ಕು ವರ್ಷದ ಹುಡುಗನೊಬ್ಬ "ಇಕಿಗೆ ಕಾಲ ನೋವಾಗೇತಿ" ಅಂದ. ಯಾಕೆ ಅಂದೆ. "ಭಾಳ ಹೊತ್ತಿಂದ ನಿಂತಾಳ" ಅಂದ. ಚಿತ್ರ ಬರೆದವರೂ ಅದನ್ನು ಯೋಚಿಸಿರಲಿಕ್ಕಿಲ್ಲ. ಕಾಯುವವರ ಕಾಲು ನೋಯುತ್ತದೆ ಅನ್ನುವುದು ಆ ಮಗುವಿಗೆ ಕಂಡಿತ್ತು. ಆ ದಿನ ಮುಂದಿನ ಪುಟಕ್ಕೆ ಹೋಗಲು ನನಗೆ ಅವಸರವಾಗಲಿಲ್ಲ. "ಹಂಗಾದ್ರ ಏನ ಮಾಡೋಣು?" ಅಂದೆ. ಒಬ್ಬಳು "ಇಬ್ರೂ ಕುಂದರಲಿ" ಅಂದಳು. ಇನ್ನೊಬ್ಬ "ಹಗ್ಗ ಹರೀತದ" ಅಂದ. "ಹತ್ತು ಎಣಿಸಿ ಇಳೀಲಿ" ಅಂತ ಮೂರನೆಯವನು. ಪುಸ್ತಕದಲ್ಲಿ ಇರುವ ಉತ್ತರಕ್ಕಿಂತ ಈ ಮೂರು ಉತ್ತರ ನನಗೆ ದೊಡ್ಡವು.

ಹೀಗೆ ಕೇಳುತ್ತಾ, ಮಗುವಿನ ಮಾತಿಗೆ ಇನ್ನೊಂದು ಮಾತು ಸೇರಿಸುತ್ತಾ ಓದುವ ಕ್ರಮವನ್ನು ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಅವರ ಜೊತೆಯವರು 1988ರಲ್ಲಿ ಪರೀಕ್ಷೆ ಮಾಡಿ ನೋಡಿದ್ದರು. ಹಾಗೆ ಓದಿಸಿಕೊಂಡ ಮಕ್ಕಳ ಮಾತು ಚೆನ್ನಾಗಿ ಬೆಳೆಯಿತು. ಎಲ್ಲ ಪುಟಕ್ಕೂ ಪ್ರಶ್ನೆ ಕೇಳಬೇಡಿ. ಒಂದು ಪುಸ್ತಕಕ್ಕೆ ಎರಡೋ ಮೂರೋ ಸಾಕು. ಜಾಸ್ತಿ ಆದರೆ ಪರೀಕ್ಷೆ ಆಗುತ್ತದೆ, ಮಗು ಎದ್ದು ಹೋಗುತ್ತದೆ.

ಕೊನೆಗೆ "ಈ ಕಥೆಯ ನೀತಿ ಏನು?" ಅಂತ ಕೇಳಬೇಕಾ?

ಬೇಡ. ದಯವಿಟ್ಟು ಬೇಡ. ಕೇಳಿದರೆ "ಹಂಚಿಕೊಂಡು ಬಾಳಬೇಕು" ಅಂತ ಗಿಳಿ ಹಾಗೆ ಒಪ್ಪಿಸುತ್ತಾರೆ, ಐದು ನಿಮಿಷಕ್ಕೆ ಅದೇ ಪುಸ್ತಕಕ್ಕೆ ಕಿತ್ತಾಡುತ್ತಾರೆ. ಹೆದರಿಸುವ ನೀತಿಯೂ ಬೇಡ. 2014ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮೂರರಿಂದ ಏಳು ವರ್ಷದ ಮಕ್ಕಳಿಗೆ ಬೇರೆ ಬೇರೆ ಕಥೆ ಓದಿದರು. ಸುಳ್ಳು ಹೇಳಿದವನಿಗೆ ಶಿಕ್ಷೆಯಾಗುವ ಕಥೆ ಕೇಳಿ ಮಕ್ಕಳು ಬದಲಾಗಲಿಲ್ಲ. ನಿಜ ಹೇಳಿದವನಿಗೆ ಮೆಚ್ಚುಗೆ ಸಿಗುವ ಕಥೆ ಕೇಳಿದವರು ನಿಜ ಹೇಳಿದ್ದು ಜಾಸ್ತಿ. ಅದು ಸುಳ್ಳು-ನಿಜದ ಮೇಲೆ ಮಾಡಿದ ಪ್ರಯೋಗ. ಆದರೂ "ಕೊಡದಿದ್ದರೆ ಯಾರೂ ನಿನ್ನ ಜೋಡಿ ಆಡೋದಿಲ್ಲ ನೋಡು" ಅಂತ ಕಥೆಯ ಕೊನೆಗೆ ಸೇರಿಸುವವರು ಇದನ್ನು ನೆನಪಿಡಬೇಕು.

ಮಕ್ಕಳು ಜಗಳ ಆಡಿದಾಗ ತಕ್ಷಣ ಆ ಪುಸ್ತಕ ತಂದು ಓದಬಹುದೇ?

ನಾನು ಮಾಡಿ ನೋಡಿದ್ದೇನೆ, ನನ್ನ ಮಗನ ಜೊತೆಗೇ. ಅವನಿಗೆ ಆಗ ನಾಲ್ಕು ವರ್ಷ. ಸಿದ್ಧೇಶ್ವರ ಜಾತ್ರೆಯಲ್ಲಿ ಕೊಂಡ ಟ್ರ್ಯಾಕ್ಟರನ್ನು ಕಾಕಾನ ಮಗನಿಗೆ ಕೊಡಲಿಲ್ಲ, ದೂಡಿದ, ಆ ಹುಡುಗ ಬಿದ್ದು ಅತ್ತ. ನಾನು ಮಗನನ್ನು ಕೂರಿಸಿಕೊಂಡು ಗೆಳೆತನದ ಪುಸ್ತಕ ತೆಗೆದೆ. ಅವನು ಪುಸ್ತಕ ನೋಡಲೇ ಇಲ್ಲ, ನನ್ನ ಮುಖ ನೋಡುತ್ತಿದ್ದ. ಅದರ ಮುಂದೆ ಎರಡು ತಿಂಗಳು ಆ ಪುಸ್ತಕ ತೆಗೆದರೆ ಸಾಕು, ಎದ್ದು ಹೋಗುತ್ತಿದ್ದ. ಅವನ ಪಾಲಿಗೆ ಅದು ಬೈಗುಳದ ಪುಸ್ತಕ ಆಗಿಹೋಗಿತ್ತು. ಅಷ್ಟು ಇಷ್ಟಪಡುತ್ತಿದ್ದ ಪುಸ್ತಕವನ್ನು ಅವನಿಂದ ನಾನೇ ಕಿತ್ತುಕೊಂಡಂತಾಯಿತು ಅಂತ ಇವತ್ತಿಗೂ ಬೇಜಾರಿದೆ.

ಜಗಳದ ಹೊತ್ತಿಗೆ ಇಬ್ಬರನ್ನೂ ಬಿಡಿಸಿ, ಸಮಾಧಾನ ಮಾಡಿ, ನೀರು ಕೊಡಿ. ಪುಸ್ತಕ ಎರಡು ದಿನ ಬಿಟ್ಟು, ಹೊಟ್ಟೆ ತುಂಬಿರುವಾಗ, ಮಲಗುವ ಮೊದಲು. ಜಗಳದ ಹೆಸರು ಎತ್ತಬೇಡಿ. ನೆನಪಾದರೆ ಮಗುವೇ ಎತ್ತುತ್ತದೆ.

ಹಂಚಿಕೊಂಡರೆ ಚಾಕೊಲೇಟ್ ಕೊಡುತ್ತೇನೆ ಅಂದರೆ ಬೇಗ ಕಲಿಯುತ್ತದೆಯಲ್ಲ?

ಆ ದಿನಕ್ಕೆ ಕಲಿಯುತ್ತದೆ. 2008ರಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ ಅನ್ನುವ ಮನೋವಿಜ್ಞಾನಿಗಳು ಇಪ್ಪತ್ತು ತಿಂಗಳ ಮಕ್ಕಳ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದರು. ಕೈಗೆ ಸಿಗದ ವಸ್ತು ಎತ್ತಿಕೊಟ್ಟು ಸಹಾಯ ಮಾಡಿದ್ದಕ್ಕೆ ಆಟಿಕೆ ಬಹುಮಾನ ಪಡೆದ ಮಕ್ಕಳು, ಬಹುಮಾನ ನಿಂತ ಮೇಲೆ ಸಹಾಯ ಮಾಡಿದ್ದು ಕಡಿಮೆ. ಏನೂ ಪಡೆಯದವರು ಮೊದಲಿನ ಹಾಗೇ ಮಾಡಿದರು.

ಅದರ ಬದಲು ಆಯ್ಕೆ ಕೊಡಿ. 2013ರ ಇನ್ನೊಂದು ಪ್ರಯೋಗದಲ್ಲಿ, ಬೇಜಾರಾದ ಗೊಂಬೆಗೆ ಸ್ಟಿಕರ್ ಕೊಡುವುದೋ, ತಾನೇ ಇಟ್ಟುಕೊಳ್ಳುವುದೋ ಅಂತ ತಾವೇ ತೀರ್ಮಾನ ಮಾಡಿದ ಮಕ್ಕಳು, ಕೊಡಲೇಬೇಕು ಅಂತ ಹೇಳಿಸಿಕೊಂಡ ಮಕ್ಕಳಿಗಿಂತ ಆಮೇಲೆ ಜಾಸ್ತಿ ಹಂಚಿದರು. ಮನೆಯಲ್ಲಿ ಇದನ್ನು ಮಾಡುವುದು ಸುಲಭ. ಅತಿಥಿ ಮಕ್ಕಳು ಬರುವ ಮೊದಲು "ಯಾವುದು ಕೊಡಾಕ ಮನಸಿಲ್ಲ ಅದನ್ನ ಕಪಾಟಿನ್ಯಾಗ ಇಡು, ಉಳಿದದ್ದು ಎಲ್ಲಾರಿಗೂ" ಅನ್ನಿ. ಎರಡೇ ಸಾಮಾನು ಒಳಗೆ ಹೋಗುತ್ತವೆ. ಉಳಿದವುಗಳಿಗೆ ಜಗಳ ಕಡಿಮೆ.

ಪುಸ್ತಕದ ಕನ್ನಡ ಬೆಂಗಳೂರು ಕಡೆಯದು. ನಮ್ಮ ಮಗುವಿಗೆ ಅರ್ಥ ಆಗುವುದಿಲ್ಲ. ನಮ್ಮ ಮಾತಿನಲ್ಲಿ ಓದಿದರೆ ತಪ್ಪಾ? ಶಾಲೆಗೆ ತೊಂದರೆ ಆಗುತ್ತದಾ?

ಖಂಡಿತ ನಮ್ಮ ಮಾತಿನಲ್ಲೇ ಓದಿ. ಈ ಪ್ರಶ್ನೆ ಕೇಳುವವರ ದನಿಯಲ್ಲಿ ಒಂದು ಅಳುಕು ಇರುತ್ತದೆ, ಅದು ನನಗೆ ಸಂಕಟ ತರುತ್ತದೆ. ನಮ್ಮ ಮಾತಿಗೆ ಏನು ಕಡಿಮೆ ಆಗಿದೆ? "ಅವಳು ಏಕೆ ಅಳುತ್ತಿದ್ದಾಳೆ?" ಅಂತ ಓದಿದಾಗ ಮೂರು ವರ್ಷದ ಮಗು ನನ್ನ ತುಟಿ ನೋಡುತ್ತದೆ. "ಇಕಿ ಯಾಕ ಅಳಾಕತ್ತಾಳ?" ಅಂದರೆ ಚಿತ್ರದಲ್ಲಿರುವ ಹುಡುಗಿಯನ್ನು ನೋಡುತ್ತದೆ. ಗೆಳೆತನ, ಸಿಟ್ಟು, ಮುನಿಸು ಇವೆಲ್ಲ ಮನೆ ಮಾತಿನಲ್ಲೇ ಮಗುವಿಗೆ ಮೊದಲು ಬಂದಿರುತ್ತವೆ, ಅಲ್ವಾ? ಅವ್ವ ಸಮಾಧಾನ ಮಾಡಿದ್ದು ಆ ಮಾತಿನಲ್ಲಿ, ಗೆಳತಿ ಟೂ ಬಿಟ್ಟದ್ದು ಆ ಮಾತಿನಲ್ಲಿ.

ನಾನು ಮೊದಲ ಸಲ ನಮ್ಮ ಮಾತಿನಲ್ಲಿ ಕಥೆ ಹೇಳುತ್ತೇನೆ. ಎರಡನೇ ಮೂರನೇ ಸಲ ಪುಸ್ತಕದಲ್ಲಿ ಇದ್ದ ಹಾಗೇ ಓದುತ್ತೇನೆ. ಕಥೆ ಗೊತ್ತಿರುವುದರಿಂದ ಮಕ್ಕಳಿಗೆ ಪುಸ್ತಕದ ಮಾತೂ ತಾನಾಗೇ ತಿಳಿಯುತ್ತದೆ. ಶಾಲೆಗೆ ಹೋದಾಗ ಅದೇ ಉಪಯೋಗಕ್ಕೆ ಬರುತ್ತದೆ.

ನಮ್ಮ ಓಣಿಯಲ್ಲಿ ಮನೆಯಲ್ಲಿ ಉರ್ದು ಆಡುವ ಮಕ್ಕಳಿದ್ದಾರೆ, ಮರಾಠಿ ಆಡುವವರಿದ್ದಾರೆ, ತಾಂಡಾದಿಂದ ಬಂದ ಲಂಬಾಣಿ ಮಾತಿನ ಮಕ್ಕಳಿದ್ದಾರೆ. ಪುಟದ ಮೇಲಿನ ವಸ್ತುವಿಗೆ "ನಿಮ್ಮ ಮನ್ಯಾಗ ಏನಂತೀರಿ?" ಅಂತ ಕೇಳುತ್ತೇನೆ. ಆ ಹೊತ್ತಿಗೆ ಆ ಮಗು ಎಲ್ಲರಿಗೂ ಮಾಸ್ತರ್ ಆಗುತ್ತದೆ. ಮೂರು ತಿಂಗಳು ಬಾಯಿ ಬಿಡದೆ ಕಂಬಕ್ಕೆ ಒರಗಿ ಕೂರುತ್ತಿದ್ದ ಒಂದು ಹುಡುಗಿ ರೊಟ್ಟಿಗೆ "ಬಾಟಿ" ಅಂತ ಹೇಳಿಕೊಟ್ಟ ದಿನ ಎಲ್ಲರೂ ಅವಳ ಸುತ್ತ ಕೂತಿದ್ದರು.

ಅದೇ ಪುಸ್ತಕ ನೂರು ಸಲ ಕೇಳುತ್ತಾನೆ. ನನಗೆ ಸಾಕಾಗಿದೆ.

ಓದಿ. ಮಗು ಪ್ರತಿ ಸಲ ಬೇರೆ ಏನೋ ನೋಡುತ್ತಿರುತ್ತದೆ. ನಿಮಗೆ ಸಾಕಾದರೆ ಅವನಿಗೇ ಹೇಳಲು ಬಿಡಿ, ನೀವು ಪುಟ ತಿರುವಿ.

ನಮಗೆ ಒಬ್ಬನೇ ಮಗ. ಮನೆಯಲ್ಲಿ ಹಂಚಿಕೊಳ್ಳಲು ಯಾರೂ ಇಲ್ಲ.

ನೀವಿದ್ದೀರಲ್ಲ. ಶೇಂಗಾ ಹೋಳಿಗೆ ಮುರಿದು "ನಿನಗೊಂದು ತುಂಡು, ನನಗೊಂದು ತುಂಡು, ಮುತ್ಯಾಗ ಒಂದು ತುಂಡು" ಅಂತ ಅವನ ಕೈಯಿಂದಲೇ ಕೊಡಿಸಿ. ಮತ್ತೆ ಅವನು ಕೊಟ್ಟಾಗ ನಿಜವಾಗಿ ತಿನ್ನಿ. ನಾವು ಸುಮ್ನೆ "ಕೊಡು ಕೊಡು" ಅಂತ ಕೇಳಿ, ಕೊಟ್ಟರೆ "ಬೇಡ, ನೀನೇ ತಿನ್ನು" ಅನ್ನುತ್ತೇವೆ. ಪಾಪ, ಮಗು ಏನು ತಿಳಿದುಕೊಳ್ಳಬೇಕು?

ಸೇರಿ ಮಾಡುವ ಕೆಲಸವೂ ಬಹಳ ಒಳ್ಳೆಯದು. 2011ರ ಒಂದು ಪ್ರಯೋಗದಲ್ಲಿ ಇಬ್ಬರು ಸೇರಿ ಹಗ್ಗ ಎಳೆದು ಬಹುಮಾನ ತರಿಸಿಕೊಂಡ ಮೂರು ವರ್ಷದ ಮಕ್ಕಳು, ಸುಮ್ನೆ ಸಿಕ್ಕಿದ ಬಹುಮಾನಕ್ಕಿಂತ ಅದನ್ನು ಹೆಚ್ಚು ಸಮನಾಗಿ ಹಂಚಿಕೊಂಡರು. ಸೇರಿ ದುಡಿದದ್ದು ಸೇರಿ ತಿನ್ನಬೇಕು ಅನ್ನುವುದು ಅಷ್ಟು ಸಣ್ಣವರಿಗೂ ಗೊತ್ತಾಗುತ್ತದೆ. ಹಾಗಾಗಿ ಪಕ್ಕದ ಮನೆ ಮಗುವನ್ನು ಕರೆದು ಇಬ್ಬರ ಕೈಯಲ್ಲೂ ಚುರುಮುರಿ ಕಲಸಲು ಬಿಡಿ. ಒಬ್ಬರು ಉಳ್ಳಾಗಡ್ಡಿ ಹಾಕಲಿ, ಒಬ್ಬರು ಶೇಂಗಾ ಹಾಕಲಿ.

ನನ್ನ ಮಗಳು ಉಲ್ಟಾ. ಏನು ಕೇಳಿದರೂ ಕೊಟ್ಟುಬಿಡುತ್ತಾಳೆ, ಆಮೇಲೆ ಮನೆಗೆ ಬಂದು ಅಳುತ್ತಾಳೆ.

ಇವಳ ಬಗ್ಗೆ ಯಾರೂ ಚಿಂತೆ ಮಾಡುವುದಿಲ್ಲ, "ಎಷ್ಟು ಶಾಣ್ಯಾ ಹುಡುಗಿ" ಅನ್ನುತ್ತಾರೆ. ಚಿಂತೆ ಮಾಡಬೇಕು. ಹೆಣ್ಣುಮಕ್ಕಳಿಗೆ ಈ ಹೊಗಳಿಕೆ ಜಾಸ್ತಿ ಬೀಳುತ್ತದೆ, ಅದಕ್ಕೇ ಅವರು ಬಾಯಿ ಬಿಡುವುದಿಲ್ಲ. ಇವಳಿಗೆ ಬೇಕಾಗಿರುವುದು "ಕೊಡುವುದಿಲ್ಲ" ಅನ್ನುವ ಮಗು ಇರುವ ಕಥೆ, ಹಾಗೆ ಅಂದ ಮೇಲೂ ಗೆಳತಿ ಗೆಳತಿಯಾಗೇ ಉಳಿಯುವ ಕಥೆ. ಅಂಥ ಪುಸ್ತಕ ಸಿಗದಿದ್ದರೆ ನೀವೇ ಹೇಳಿ. ಜೊತೆಗೆ ಬಾಯಿಪಾಠಕ್ಕೆ ಒಂದು ವಾಕ್ಯ ಕೊಡಿ: "ನನ್ನ ಪಾಳಿ ಮುಗದಿಲ್ಲ, ಮುಗದ ಮ್ಯಾಲ ಕೊಡ್ತೀನಿ." ಗೊಂಬೆಗಳ ಜೊತೆ ಹೇಳಿಸಿ, ನಿಮ್ಮ ಜೊತೆ ಹೇಳಿಸಿ. ದನಿ ಗಟ್ಟಿಯಾಗಲು ವಾರಗಟ್ಟಲೆ ಬೇಕಾಗಬಹುದು.

ಗೆಳತಿ ಟೂ ಬಿಟ್ಟಿದ್ದಾಳೆ ಅಂತ ಊಟ ಬಿಟ್ಟು ಕೂತಿದ್ದಾಳೆ. ಏನು ಓದಲಿ?

ಈಗ ಏನೂ ಬೇಡ, ತಲೆ ಸವರಿ. "ನಾಳೆ ಸರಿ ಹೋಗ್ತದ ಬಿಡು" ಅನ್ನಬೇಡಿ, ಅವಳಿಗೆ ಇವತ್ತು ಸರಿ ಇಲ್ಲ. ಮುನಿಸು ಇದ್ದೂ ಗೆಳೆತನ ಇರುತ್ತದೆ ಅಂತ ತೋರಿಸುವ ಪುಸ್ತಕಗಳು ಇವೆ, ಅವನ್ನು ಮೊದಲೇ ಓದಿಟ್ಟಿದ್ದರೆ ಇಂಥ ದಿನ ಅವಳಿಗೇ ನೆನಪಾಗುತ್ತವೆ. ದೊಡ್ಡವರು ನಡುವೆ ಹೋಗಿ ಆ ಹುಡುಗಿಯ ಅವ್ವನ ಹತ್ತಿರ ಮಾತಾಡುವುದು ಕೊನೆಯ ದಾರಿ.

ನಮ್ಮ ಊರಿನ ಬದುಕು ಇರುವ ಪುಸ್ತಕ ಸಿಗುವುದಿಲ್ಲ. ಎಲ್ಲದರಲ್ಲೂ ಪಾರ್ಕು, ಕೇಕು, ಹುಟ್ಟುಹಬ್ಬ.

ನಿಜ, ಇದು ನನ್ನದೂ ದೂರು. ನಮ್ಮ ಕಡೆ ಹಂಚಿಕೊಳ್ಳುವ ದಿನಗಳು ಎಷ್ಟಿವೆ ನೋಡಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ, ಭೂಮಿತಾಯಿಗೆ ಕೊಟ್ಟು ಆಮೇಲೆ ಎಲ್ಲರೂ ಸಾಲಾಗಿ ಕೂತು ಸಜ್ಜೆ ಕಡಬು, ಪುಂಡಿಪಲ್ಯ ಉಣ್ಣುತ್ತೇವೆ, ಹೊಲ ಇಲ್ಲದವರನ್ನೂ ಕರೆಯುತ್ತೇವೆ. ಸಂಕ್ರಾಂತಿಗೆ ಕುಸುರೆಳ್ಳು ಕೊಟ್ಟು ಒಳ್ಳೆ ಮಾತಾಡೋಣ ಅನ್ನುತ್ತೇವೆ. ದಸರೆಗೆ ಜಗಳ ಆಡಿದವರ ಮನೆಗೂ ಹೋಗಿ "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂತ ಎಲೆ ಕೊಡುತ್ತೇವೆ. ಮುನಿದವರು ಮತ್ತೆ ಮಾತಾಡಲು ಒಂದು ಎಲೆ! ಇದಕ್ಕಿಂತ ಚೆಂದದ ಚಿತ್ರಪುಸ್ತಕದ ವಿಷಯ ನನಗೆ ಗೊತ್ತಿಲ್ಲ. ಇನ್ನು ಕಾಗೆ ಎಂಜಲು ಅಂತೂ ನಾವೆಲ್ಲ ಮಾಡಿದ್ದೇ. ಒಂದೇ ಪೆಪ್ಪರಮಿಂಟು ಇದ್ದರೆ ಅಂಗಿ ಚುಂಗಿನಲ್ಲಿ ಸುತ್ತಿ, ಹಲ್ಲಿನಿಂದ ಕಟಕ್ ಅಂತ ಒಡೆದು ಅರ್ಧ ಕೊಡುವುದು.

ಹಾಗಾಗಿ ಮನೆಯಲ್ಲೇ ಪುಸ್ತಕ ಮಾಡಿ. ಎ4 ಹಾಳೆ ಮೂರು ತಗೊಳ್ಳಿ, ಒಂದರ ಮೇಲೆ ಒಂದು ಇಟ್ಟು ಅರ್ಧಕ್ಕೆ ಮಡಚಿ. ಹನ್ನೆರಡು ಪುಟ ಆಗುತ್ತದೆ. ಮಡಿಕೆಯ ಮೇಲೆ ದಬ್ಬಣದಿಂದ ಮೂರು ತೂತು ಮಾಡಿ, ದಪ್ಪ ದಾರದಿಂದ ಹೊಲಿಯಿರಿ. ಸ್ಟೇಪ್ಲರ್ ಪಿನ್ನು ಸಣ್ಣವರ ಬೆರಳಿಗೆ ಚುಚ್ಚುತ್ತದೆ, ದಾರವೇ ಒಳ್ಳೆಯದು. ಮೊದಲ ಪುಟಕ್ಕೆ ಹೆಸರು, ಕೊನೆಯ ಪುಟ ಖಾಲಿ, ನಡುವೆ ಹತ್ತು ಪುಟದ ಕಥೆ. ಮಗು ಬಾಯಲ್ಲಿ ಹೇಳಲಿ, ನೀವು ಅದರ ಮಾತನ್ನು ತಿದ್ದದೆ ಬರೆಯಿರಿ. ಚಿತ್ರ ಅದರದ್ದೇ ಇರಲಿ. ಕಥೆ ಹೊಳೆಯದಿದ್ದರೆ ಒಂದು ಪ್ರಶ್ನೆ ಕೊಡಿ: ಪೇರಲ ಹಣ್ಣು ಒಂದೇ ಇದೆ, ನಾವು ನಾಲ್ಕು ಮಂದಿ, ಏನು ಮಾಡೋಣ?

ಪುಸ್ತಕ ಹರಿದರೆ?

ಹರಿಯಲಿ. ಮಗುವಿನ ಜೊತೆ ಕೂತು ಅಂಟಿಸಿ. ಸೆಲ್ಲೋ ಟೇಪು ವರ್ಷದೊಳಗೆ ಹಳದಿಯಾಗುತ್ತದೆ, ತೆಳು ಕಾಗದಕ್ಕೆ ಮೈದಾ ಅಂಟು ಹಚ್ಚಿ ಹಿಂದಿನಿಂದ ಅಂಟಿಸಿದರೆ ಚೆನ್ನಾಗಿ ನಿಲ್ಲುತ್ತದೆ.

ನಿಮ್ಮ ಹತ್ತಿರ ಇರುವ ಪುಸ್ತಕ ಮನೆಗೆ ಕೊಡುತ್ತೀರಾ?

ಕೊಡುತ್ತೇನೆ, ಒಂದು ವಾರಕ್ಕೆ ಒಂದು. ಎಲ್ಲರಿಗೂ ಬೇಕಾಗುವ ಪುಸ್ತಕ ಯಾವಾಗಲೂ ಒಂದೇ ಇರುತ್ತದೆ, ಅದಕ್ಕೆ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ. ಬೇಕಾದವರು ಅಲ್ಲಿ ಹೆಸರು ಬರೆದು ಪಾಳಿ ಹಚ್ಚುತ್ತಾರೆ. ಈ ವಾರ ಐದು ಹೆಸರಿವೆ. ಮೂರನೆಯದು ಇನ್ನೂ ಬರೆಯಲು ಬಾರದ ಹುಡುಗಿಯದು, ಅವಳು ಹೆಸರಿನ ಜಾಗದಲ್ಲಿ ಒಂದು ಬಾಳೆಹಣ್ಣು ಬಿಡಿಸಿದ್ದಾಳೆ. ಎರಡನೆಯ ಹುಡುಗ ಭಾನುವಾರ ಪುಸ್ತಕ ತಂದುಕೊಟ್ಟು, ತನ್ನ ಹೆಸರಿಗೆ ಗೆರೆ ಎಳೆದು, "ಬಾಳೆಹಣ್ಣು ಎಲ್ಲಿ ಹೋದಳು?" ಅಂತ ಓಣಿಯ ಕಡೆ ನೋಡುತ್ತಾ ಪುಸ್ತಕ ಹಿಡಿದು ನಿಂತಿದ್ದ.